ಕಾಂಗರೂ ಪಕ್ಷ, ಅಣಬೆ ಪಕ್ಷ

ನಿನ್ನೆ ಮಗಳು ಅಣಬೆಯ ಪೊಟ್ಟಣ ತಂದು ಒಲೆಯ ಪಕ್ಕ ಇಟ್ಟಳು. ಬಿಚ್ಚಿದರೆ ಹಸಿಮಣ್ಣಿನ ವಾಸನೆ. ಅವಳಿಗೆ ಯಾದಗಿರಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅಲ್ಲೇ ಖೋಲಿ ಹಿಡಿಯುವ ಆಸೆ. ಶಹಾಪುರದಿಂದ ದಿನಾ ಬಸ್ಸಿಗೆ ಹೋಗಿ ಬಾ ಎಂಬುದು ನನ್ನ ಹಟ. ಅಣಬೆ ಸುಮ್ಮನೆ ಬಂದದ್ದಲ್ಲ, ನಮ್ಮ ಮನೆಯಲ್ಲಿ ಅದೊಂದು ಪಕ್ಷದ ಚಿಹ್ನೆ. ಹೇಳುತ್ತೇನೆ, ಕೇಳಿ.

ನಾನು ಬೆಳೆದದ್ದು ಸುರಪುರದ ಪಕ್ಕದ ರಂಗಂಪೇಟೆಯಲ್ಲಿ, ಒಬ್ಬಳೇ ಮಗಳಾಗಿ. ನಾನು ಪರೀಕ್ಷೆ ಬರೆಯುವಾಗ ಅವ್ವ ನೀರಿನ ತಂಬಿಗೆ ಹಿಡಿದು ಶಾಲೆಯ ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಪಕ್ಕದ ಮನೆಯ ಜುಬೇದಾ ಖಾಲಾ ಬಟ್ಟೆ ಹೊಲಿಯುವವಳು. ತನ್ನ ಮಕ್ಕಳು ಎಲ್ಲಿದ್ದಾರೆಂಬುದು ಅವರಿಗೆ ಹಸಿವಾದಾಗಲೇ ಅವಳಿಗೆ ತಿಳಿಯುತ್ತಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ವಿಜ್ಞಾನದ ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಕಾಂಗರೂ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುತ್ತದೆ ಎಂದದ್ದೇ ತಡ, ಅವ್ವ ತನ್ನ ಸೀರೆಯ ಉಡಿ ಮುಟ್ಟಿಕೊಂಡು, ದೇವರು ಅದಕ್ಕೆ ಹುಟ್ಟುತ್ತಲೇ ಉಡಿ ಕೊಟ್ಟಿದ್ದಾನೆ ಎಂದು ಹಿಗ್ಗಿದಳು. ಅಣಬೆ ತನ್ನ ಬೀಜಕಗಳನ್ನು ಗಾಳಿಗೆ ಬಿಟ್ಟು ಸುಮ್ಮನಿರುತ್ತದೆ ಎಂದಾಗ ಖಾಲಾ ಹೊಲಿಗೆ ನಿಲ್ಲಿಸಿ, ಇದು ತನ್ನ ಬಳಗದ್ದೇ ಎಂದಳು. ಅಂದಿನಿಂದ ಓಣಿಯಲ್ಲಿ ಎರಡು ಪಕ್ಷ, ಅವ್ವನದು ಕಾಂಗರೂ, ಖಾಲಾಳದು ಅಣಬೆ. ಅವ್ವ ಅಣಬೆಯನ್ನು ಹೊಸ್ತಿಲೊಳಗೇ ಬಿಡುತ್ತಿರಲಿಲ್ಲ. ಅದು ಕಾಯಿಪಲ್ಲೆಯೂ ಅಲ್ಲ, ಬಾಡೂ ಅಲ್ಲ ಎಂಬುದು ಅವಳ ತಕರಾರು.

ಪಿಯುಸಿ ಮುಗಿದ ಮೇಲೆ ಕಲಬುರಗಿಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಹಾಸ್ಟೆಲ್ ಎಂದೊಡನೆ ಅವ್ವ ಬೇಡವೆಂದಳು. ನಾನು ಉಪವಾಸ ಕೂತೆ, ನಡುನಡುವೆ ರೊಟ್ಟಿ ಕದ್ದು ತಿಂದೆ ಅನ್ನಿ. ಕೊನೆಗೆ ಖಾಲಾ ಬಂದವಳು ಅಣಬೆಯ ಸುದ್ದಿಯನ್ನೇ ಎತ್ತಲಿಲ್ಲ.

“ಮರಿಗಿ ಜಿಗಿಯೋದು ಬರೋತನಕ ಉಡಿ ಬೇಕ್ರಿ ಅಕ್ಕಾ. ಬಂದ ಮ್ಯಾಲ ಕಾಂಗರೂನೂ ಅದನ್ನ ಕೆಳಗ ಇಳಸ್ತದ.”

ಮರುದಿನ ಅವ್ವ ಅಟ್ಟದಿಂದ ಟ್ರಂಕು ಇಳಿಸಿದಳು. ಹೊರಡುವ ದಿನ ನನ್ನ ದುಪಟ್ಟಾ ಒಡ್ಡಿಸಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿದಳು. ಮದುವೆಯಾಗದ ಹುಡುಗಿಗೆ ಯಾರಾದರೂ ಉಡಿ ತುಂಬುತ್ತಾರೆಯೇ ಎಂದು ಓಣಿಯವರು ನಕ್ಕರು.

“ಮಗಳನ್ನ ಕಳಸಾಕತ್ತೇನಿ. ಬರೇ ಉಡೀಲೆ ಹ್ಯಾಂಗ ಕಳಸ್ಲಿ?” ಎಂದು ಅವ್ವ ಕಣ್ಣೊರೆಸಿಕೊಂಡಳು.

ಇಂದು ಬೆಳಿಗ್ಗೆ ಅಣಬೆ ಪಲ್ಯಕ್ಕೆ ಒಗ್ಗರಣೆ ಹಾಕಿ, ಅಕ್ಕಿಯ ಡಬ್ಬಿ ಹಿಡಿದು ಮಗಳನ್ನು ಕರೆದೆ. ಅವಳಿಗೆ ದುಪಟ್ಟಾ ಎಲ್ಲಿಯದು? ಟೀ ಶರ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ನಿಂತಳು, ಥೇಟ್ ಕಾಂಗರೂ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

“ಕಿಟಕಿ ಇರೋ ಖೋಲಿ ನೋಡಿ ಹಿಡಿ,” ಎಂದೆ.

“ಯಾಕವ್ವಾ, ನೀ ಹೊರಗ ತಂಬಗಿ ಹಿಡಕೊಂಡು ನಿಂದ್ರಾಕೇನು?”