ಕಪ್ಪೆಬಾಯಿ ಹಕ್ಕಿಯ ಮುಂದೆ ನಾಲ್ಕು ಭಾನುವಾರ

ಕೆ. ಹೊಸಕೋಟೆಯಲ್ಲಿ ನನ್ನದು ಪೈಪು, ಮೋಟಾರಿನ ಬಿಡಿಭಾಗಗಳ ಅಂಗಡಿ. ಐವತ್ತು ದಾಟಿದ ಮೇಲೆ ಡಾಕ್ಟರು ದಿನಾ ನಡೆಯಿರಿ ಅಂದರು. ನಮ್ಮ ಕಡೆ ಕೆಲಸವಿಲ್ಲದೆ ನಡೆಯುವುದು ಅಷ್ಟು ಸುಲಭವಲ್ಲ. ಬೆಳಿಗ್ಗೆ ಆಲೂರು ರಸ್ತೆ ಹಿಡಿದು ಹೊರಟರೆ ಹಿಂದಿನಿಂದ ಬಂದ ಬೈಕು ಪಕ್ಕದಲ್ಲೇ ನಿಲ್ಲುತ್ತಿತ್ತು. "ಗಾಡಿ ಕೆಟ್ಟೋಯ್ತಾ ಅಣ್ಣ? ಹತ್ತಿ." ಇಲ್ಲಪ್ಪ, ಸುಮ್ಮನೆ ನಡೀತಿದೀನಿ ಅಂದರೆ, ಮನೆಯಲ್ಲಿ ಏನೋ ಜಗಳವಾಗಿದೆ ಅನ್ನುವ ಹಾಗೆ ಮುಖ ನೋಡುತ್ತಿದ್ದರು. ಅವರಿಗೆ ಬೇಜಾರಾಗಬಾರದು ಅಂತ ಹತ್ತುತ್ತಿದ್ದೆ. ಮೊದಲ ವಾರದಲ್ಲಿ ನಾಲ್ಕು ದಿನ ಯಾರದೋ ಬೈಕಿನ ಹಿಂದೆ ಕೂತೇ ವಾಪಸ್ ಬಂದೆ.

ಕೊನೆಗೆ ಹಾಸನಕ್ಕೆ ಹೋಗಿ ಒಂದು ಬೈನಾಕ್ಯುಲರ್ ತಂದು ಕೊರಳಿಗೆ ಹಾಕಿಕೊಂಡೆ. ಆವತ್ತಿನಿಂದ ಯಾರೂ ಹತ್ತಿ ಅನ್ನಲಿಲ್ಲ. ನಮ್ಮ ಕಡೆ ತೋಟಗಳಿಗೆ ಕಾಡಾನೆ ಬರುವುದು ಮಾಮೂಲು, ನಾನು ಆನೆ ಎಲ್ಲಿದೆ ಅಂತ ನೋಡಲು ಹೊರಟವನು ಅಂದುಕೊಂಡರು. "ಇವತ್ತು ಯಾವ ಕಡೆ ಐತೆ?" ಅಂತ ಕೇಳಿ, ನಾನು ನೋಡುತ್ತಿದ್ದ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ಗಾಡಿ ತಿರುಗಿಸುತ್ತಿದ್ದರು. ಕೊರಳಲ್ಲಿ ಅಂಥದೊಂದು ಇದ್ದ ಮೇಲೆ ಕಣ್ಣಿಗೆ ಹಿಡಿಯದೆ ಎಷ್ಟು ದಿನ ಇರಲಿ? ಹಿಡಿದೆ. ಹಕ್ಕಿಗಳು ಕಂಡವು. ಒಂದು ಪುಸ್ತಕ ತಂದೆ, ಜಿಲ್ಲೆಯ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಸೇರಿದೆ. ಅಂಗಡಿಗೆ ಬಂದವರು ವಾಲ್ವು ಕೇಳಿದರೆ, ಮೊದಲು ತಂತಿಯ ಮೇಲೆ ಕೂತ ಕಳ್ಳಿಪೀರ ತೋರಿಸಿ ಆಮೇಲೆ ವಾಲ್ವು ಕೊಡುವ ಸ್ಥಿತಿಗೆ ಬಂದೆ.

ಯಸಳೂರಿನ ಹತ್ತಿರ ನನ್ನ ಷಡ್ಡಕನ ಕಾಫಿ ತೋಟವಿದೆ. ನನ್ನ ಹೆಂಡತಿಯ ತಂಗಿಯ ಗಂಡ. ಮಾತು ಕಡಿಮೆ, ಹಕ್ಕಿಗಿಕ್ಕಿಯ ಗೊಡವೆ ಇಲ್ಲ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿದ್ದಾಗ ಒಂದು ಮಧ್ಯಾಹ್ನ ಅವನ ಫೋನು ಬಂತು.

"ಭಾವ, ಯಾರಿಗೂ ಹೇಳ್ಬೇಡಿ. ಮೋಟಾರ್ ಮನೆಗೆ ಹೋಗೋ ದಾರೀಲಿ ಒಂದು ಒಣಗಿದೆಲೆ ನನ್ನ ನೋಡಿ ಬಾಯಿ ಬಿಡ್ತು."

"ಎಲೆನಾ?"

"ಎಲೆನೇ. ಇಷ್ಟಗಲ ಬಾಯಿ. ಆಮೇಲೆ ಮುಚ್ಕೊಂಡು ಸುಮ್ಮನಾಯ್ತು. ಬಿಪಿ ನೋಡಿಸ್ಲಾ ಅಂತ."

ನನಗೆ ತಕ್ಷಣ ಗೊತ್ತಾಯಿತು. ಪುಸ್ತಕದಲ್ಲಿ ಅದರ ಪುಟವನ್ನು ಎಷ್ಟು ಸಲ ನೋಡಿದ್ದೆನೋ. ಕಪ್ಪೆಬಾಯಿ ಹಕ್ಕಿ. ಹಗಲೆಲ್ಲ ಗಿಡದಲ್ಲಿ ಅಲುಗದೆ ಕೂರುತ್ತದೆ, ನೋಡಿದವರಿಗೆ ಒಣ ಎಲೆಯ ಗೊಂಚಲು ಅನ್ನಿಸುತ್ತದೆ, ಹೆದರಿದರೆ ಕಪ್ಪೆಯಂಥ ಬಾಯಿ ತೆರೆಯುತ್ತದೆ. ಅದನ್ನು ನೋಡಲು ವರ್ಷಗಟ್ಟಲೆ ಅಲೆದವರು ನಮ್ಮ ಗುಂಪಿನಲ್ಲಿದ್ದರು. "ಆ ದಾರೀಲಿ ಯಾರನ್ನೂ ಬಿಡಬೇಡ," ಅಂದೆ.

ಭಾನುವಾರ ಅಂಗಡಿಗೆ ರಜ. ಆಲೂರು, ಸಕಲೇಶಪುರ, ಯಸಳೂರು ಅಂತ ಮೂರು ಬಸ್ಸು ಬದಲಿಸಿ ಹೋದೆ. ಷಡ್ಡಕ ಹಳ್ಳದ ಪಕ್ಕದ ಇಳಿಜಾರಿನಲ್ಲಿ ನಿಂತು ಬೆರಳು ತೋರಿಸಿದ. ಬಳ್ಳಿ ಹಬ್ಬಿದ ಒಂದು ಪೊದೆ, ನಡುವೆ ಎದೆ ಎತ್ತರದಲ್ಲಿ ಕಂದು ಬಣ್ಣದ ಒಂದು ಮುದ್ದೆ. ಬೈನಾಕ್ಯುಲರ್ ಹಿಡಿದೆ. ಕೊಕ್ಕು ಕಂಡಿತು. ಕೊಕ್ಕಿನ ಬುಡದಲ್ಲಿ ಮೀಸೆಯ ಹಾಗೆ ಕೂದಲು. ಮುಚ್ಚಿದ ಕಣ್ಣು. ಎಲ್ಲವೂ ಪುಸ್ತಕದಲ್ಲಿದ್ದ ಹಾಗೆಯೇ. ಒಂದು ಕಲ್ಲಿನ ಮೇಲೆ ಎರಡು ಗಂಟೆ ಕೂತೆ. ಅದು ಅಲುಗಲಿಲ್ಲ. ಅಲುಗುವುದಿಲ್ಲ ಅಂತ ಪುಸ್ತಕದಲ್ಲೂ ಇತ್ತು. ಷಡ್ಡಕ ಮಾತ್ರ, "ಅವತ್ತು ಸ್ವಲ್ಪ ಮೇಲಿತ್ತು ಅನ್ಸುತ್ತೆ," ಅಂದ. ಹಕ್ಕಿ ಅಂದ ಮೇಲೆ ಅಷ್ಟಿಷ್ಟು ಜರುಗುತ್ತದೆ ಅಂತ ನಾನು ತಿಳಿಹೇಳಿದೆ.

ಎರಡನೇ ಭಾನುವಾರ ನೋಟ್‌ಬುಕ್ಕು ತಗೊಂಡು ಹೋದೆ. ಆ ಪುಟ ಈಗಲೂ ಇದೆ. ಹತ್ತೂ ಇಪ್ಪತ್ತು: ಚಲನೆ ಇಲ್ಲ. ಹತ್ತೂ ನಲವತ್ತು: ಚಲನೆ ಇಲ್ಲ. ಹನ್ನೊಂದು: ಗಾಳಿ ಬಂದಾಗ ಗಾಳಿಯ ಜೊತೆಗೇ ತೂಗಿತು, ಅದ್ಭುತವಾದ ವೇಷ. ಹನ್ನೊಂದೂವರೆ: ಉಸಿರಾಡಿದಂತಿದೆ. ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಗುಂಪಿನ ಹಿರಿಯರೊಬ್ಬರು, ಹಾಸನದ ನಿವೃತ್ತ ಲೆಕ್ಚರರ್, ಸಾಮಾನ್ಯವಾಗಿ ಯಾರನ್ನೂ ಹೊಗಳುವವರಲ್ಲ. ಅವರು ಬರೆದರು: "ಉತ್ತಮ. ಜಾಗ ಯಾರಿಗೂ ಹೇಳಬೇಡಿ. ನನಗೆ ಮಾತ್ರ ಹೇಳಿ."

ಷಡ್ಡಕನ ಮನೆಯ ಕಥೆ ಅಷ್ಟು ಹೊತ್ತಿಗೆ ಬೇರೆಯೇ ಆಗಿತ್ತು. ಹಕ್ಕಿಗೆ ಗಾಬರಿಯಾಗಬಾರದು ಅಂತ ನಾನು ಒಂದಷ್ಟು ಕಟ್ಟುಪಾಡು ಹೇಳಿದ್ದೆ. ನಾಯಿಯನ್ನು ಸ್ಟೋರಿನ ಹಿಂದೆ ಕಟ್ಟಿದ್ದರು. ಆ ಮೂಲೆಯಲ್ಲಿ ಮೆಣಸು ಕುಯ್ಯುವುದು ನಿಂತಿತ್ತು. ಮೋಟಾರ್ ಹಾಕಲು ಷಡ್ಡಕ ಇಡೀ ಗುಡ್ಡ ಹತ್ತಿ ಆ ಕಡೆಯಿಂದ ಇಳಿಯುತ್ತಿದ್ದ. ನನ್ನ ನಾದಿನಿ ಅಡುಗೆಮನೆಯಲ್ಲೂ ಪಿಸುಗುಟ್ಟಿಯೇ ಮಾತಾಡುತ್ತಿದ್ದಳು. ಹಕ್ಕಿ ಇದ್ದದ್ದು ಮನೆಯಿಂದ ಒಂದು ಫರ್ಲಾಂಗು ಕೆಳಗೆ. "ಅಭ್ಯಾಸ ಆಗೋಗಿದೆ ಭಾವ," ಅಂತ ಪಿಸುಗುಟ್ಟಿದಳು. "ಕುಕ್ಕರ್ ಕೂಗಿದ್ರೆ ಎದೆ ಧಸಕ್ ಅನ್ನುತ್ತೆ."

ಮೂರನೇ ಭಾನುವಾರ ಲೆಕ್ಚರರ್ ಬಂದರು. ಜೊತೆಗೆ ಗುಂಪಿನಲ್ಲಿದ್ದ ಇನ್ನೊಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ. ಮೂವರೂ ಕಲ್ಲಿನ ಮೇಲೆ ಸಾಲಾಗಿ ಕೂತೆವು. ಲೆಕ್ಚರರ್ ಬಹಳ ಹೊತ್ತು ನೋಡಿ, "ಗಂಡು," ಅಂದರು. ಅರ್ಧ ಗಂಟೆ ಬಿಟ್ಟು ಮೇಡಂ ನನ್ನ ಮೊಣಕೈ ಮುಟ್ಟಿ, "ಕಣ್ಣು ತೆರೀತು. ನೋಡಿದ್ರಾ?" ಅಂದರು. ನಾನು ನೋಡಿರಲಿಲ್ಲ. ನೋಡಿದೆ ಅಂದೆ.

ಆಗಲೇ ಷಡ್ಡಕ ಮೇಲಿನಿಂದ ಕೈ ಬೀಸುತ್ತಾ ಬಂದ. ಪಕ್ಕದ ತೋಟಕ್ಕೆ ಆನೆ ಬಂದಿವೆ, ಏಳಿ ಅಂದ. ಇದನ್ನೂ ಪಿಸುಗುಟ್ಟಿಯೇ ಹೇಳಿದ್ದರಿಂದ ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಳ್ಳದ ಆಚೆ ಬಿದಿರು ಮುರಿಯುವ ಸದ್ದು ಕೇಳಿಸಿತು. ನಾವು ಓಡಿದೆವು. ಆದರೆ ಹಕ್ಕಿ ಬೆದರಬಾರದಲ್ಲ, ಬೆನ್ನು ಬಗ್ಗಿಸಿ, ತುದಿಗಾಲಲ್ಲಿ, ಒಣ ಎಲೆ ತುಳಿಯದ ಹಾಗೆ ಓಡಿದೆವು. ಲೆಕ್ಚರರ್ ಒಂದು ಕಡೆ ಜಾರಿ ಬಿದ್ದವರು ಸದ್ದು ಮಾಡದೆ ಎದ್ದರು. ಸಂಜೆ ಆನೆಗಳು ಸರಿದ ಮೇಲೆ ಹೋಗಿ ನೋಡಿದರೆ ಅದು ಇದ್ದಲ್ಲೇ ಇತ್ತು. "ಆನೆ ಬಂದ್ರೂ ಜಗ್ಗಲಿಲ್ಲ ನೋಡಿ," ಅಂದರು ಲೆಕ್ಚರರ್. ಹಕ್ಕಿಯ ಮೇಲೆ ನಮ್ಮ ಗೌರವ ಇನ್ನೂ ಹೆಚ್ಚಾಯಿತು.

ನಾಲ್ಕನೇ ಭಾನುವಾರವೂ ಅವರಿಬ್ಬರು ಬಂದರು. ಹನ್ನೊಂದರ ಹೊತ್ತಿಗೆ ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ಅರವತ್ತರ ಹತ್ತಿರದವರು, ಸೌದೆ ಆರಿಸುತ್ತಾ ಆ ಇಳಿಜಾರಿಗೆ ಬಂದರು. ಲೆಕ್ಚರರ್ ಗಾಬರಿಯಿಂದ ಅಂಗೈ ತೋರಿಸಿ ನಿಲ್ಲಿ ಅಂತ ಸನ್ನೆ ಮಾಡಿದರು. ಆಕೆಗೆ ಅದು ಕರೆದ ಹಾಗೆ ಕಂಡಿತು. ಹತ್ತಿರ ಬಂದು, "ಏನ್ ಸ್ವಾಮಿ?" ಅಂದರು. ಲೆಕ್ಚರರ್ ತುಟಿಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿನಿಂದ ಪೊದೆ ತೋರಿಸಿದರು. ಆಕೆ ಪೊದೆ ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ನೇರವಾಗಿ ಹೋಗಿ ಕೈ ಚಾಚಿ ಹಕ್ಕಿಯನ್ನು ಕಿತ್ತು ತಂದು ಲೆಕ್ಚರರ್ ಕೈಗೆ ಕೊಟ್ಟರು.

"ತಗಳಿ," ಅಂದರು.

ಅದು ಒಣಗಿದ ಎಲೆ. ಐದಾರು ಎಲೆ ಬಳ್ಳಿಗೆ ಸಿಕ್ಕಿಕೊಂಡು ಮುದ್ದೆಯಾಗಿದ್ದವು. ಕೊಕ್ಕು ಅಂದಿದ್ದು ಒಂದು ಕಡ್ಡಿ. ಮೀಸೆ ಅಂದಿದ್ದು ಜೇಡರ ಬಲೆ. ಲೆಕ್ಚರರ್ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಮೇಡಂ ನೀರಿನ ಬಾಟಲಿ ತೆಗೆದು ನಿಧಾನವಾಗಿ ಕುಡಿಯತೊಡಗಿದರು. ನನಗೆ ಷಡ್ಡಕ ಅಷ್ಟು ದಿನ ಹತ್ತಿ ಇಳಿದ ಗುಡ್ಡ ಕಣ್ಣ ಮುಂದೆ ಬಂತು.

ನಾನೇ ವಿಷಯ ಹೇಳಿದೆ. ಇಂಥ ಒಂದು ಹಕ್ಕಿ, ಎಲೆಯ ಹಾಗೇ ಇರುತ್ತೆ, ಅದನ್ನು ನೋಡೋಕೆ ಬಂದದ್ದು ಅಂತ.

"ಆ ಅಗಲ ಬಾಯಿದಾ?" ಅಂದರು ಆಕೆ. "ಅದು ನಮ್ಮ ಲೈನ್ ಹತ್ರ ಐತಲ್ಲ. ಎರಡೈತೆ. ನಮ್ಮ ಬಚ್ಚಲ ಹಿಂದೆ, ನೇರಳೆ ಗಿಡದಾಗೆ. ಗೂಡು ಮಾಡ್ಕಂಡೈತೆ."

"ಮತ್ತೆ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ನೀವು ಒಣೆಲೆ ನೋಡ್ತಿದ್ರಿ. ಓದ್ದೋರು, ಅದರಲ್ಲೂ ಏನೋ ಇರ್ತದೆ ಅಂದ್ಕಂಡೆ ಕಣ್ರೀ."

ಲೈನ್ ಅಂದರೆ ಕೆಲಸದವರ ಮೂರು ಮನೆ, ಒಂದೇ ಸೂರಿನಡಿ. ಆ ತೋಟದಲ್ಲಿ ಪಿಸುಗುಟ್ಟದೆ ಇದ್ದದ್ದು ಅದೊಂದೇ ಜಾಗ. ಎರಡು ಮನೆಯಲ್ಲಿ ಟಿವಿ ಕೂಗುತ್ತಿತ್ತು, ಕೋಳಿಗಳು ಓಡಾಡುತ್ತಿದ್ದವು, ಯಾರೋ ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದರು. ಅದರ ನಡುವೆ ತಗಡಿನ ಬಚ್ಚಲು, ಅದಕ್ಕೆ ಒತ್ತಿಕೊಂಡೇ ನೇರಳೆ ಗಿಡ. ಲೆಕ್ಚರರೂ ನಾನೂ ಬೈನಾಕ್ಯುಲರ್ ಹಿಡಿದು ಬಂದದ್ದನ್ನು ನೋಡಿ ಹೆಂಗಸರೆಲ್ಲ ಎದ್ದು ನಿಂತರು. ಭಾನುವಾರ, ಎಲ್ಲರೂ ತಲೆಗೆ ಸ್ನಾನ ಮಾಡುವ ದಿನ.

ನಾದಿನಿ ಬಂದು ಮಾತಾಡಿದಳು. ಬಚ್ಚಲ ಕಡೆ ಗಂಡಸರು ಬರುವ ಹಾಗಿಲ್ಲ, ಕೊರಳಿನ ಆ ಬೈನಾಕ್ಯುಲರನ್ನು ಈ ಕಡೆ ತಿರುಗಿಸುವ ಹಾಗೂ ಇಲ್ಲ ಅಂತ ತೀರ್ಮಾನವಾಯಿತು. ಸರಿಯಾದ ಮಾತೇ. ಮೇಡಂ ಒಬ್ಬರೇ ಹೋದರು. ನಾನೂ ಲೆಕ್ಚರರೂ ಹಕ್ಕಿಗೆ ಬೆನ್ನು ಮಾಡಿ, ಗುಡ್ಡ ನೋಡುತ್ತಾ ನಿಂತೆವು. ಹತ್ತು ನಿಮಿಷಕ್ಕೆ ಮೇಡಂ ಬಂದರು.

"ಇದೆ. ಗೂಡಿನ ಮೇಲೆ ಕೂತಿದೆ."

"ಮೀಸೆ?" ಅಂದರು ಲೆಕ್ಚರರ್.

"ಇದೆ."

"ಕಣ್ಣು?"

"ಸ್ವಲ್ಪ ತೆರೀತು."

ಲೆಕ್ಚರರ್ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. "ಇವರಿಗೆ ಹೋದ ವಾರ ಎಲೆಯೂ ಕಣ್ಣು ತೆರೆದಿತ್ತು," ಅಂದರು.

ಆ ರಾತ್ರಿಯೇ ಗುಂಪಿಗೆ ಬರೆದೆ. ನಾನು ಹಾಕಿದ ಫೋಟೋ ಹಕ್ಕಿಯದಲ್ಲ, ಒಣ ಎಲೆಯದು, ಕ್ಷಮಿಸಿ ಅಂತ. ಬೆಳಿಗ್ಗೆ ನೋಡಿದರೆ ಮೂವತ್ತಕ್ಕೂ ಹೆಚ್ಚು ಜನ ಕೈಮುಗಿದಿದ್ದರು. ಜಾಗ ಬಚ್ಚಿಡಲು ನಾನು ಹೀಗೆ ಬರೆದಿದ್ದೇನೆ ಅಂತ ಎಲ್ಲರಿಗೂ ಅನ್ನಿಸಿತ್ತು. "ಇಂಥ ಜವಾಬ್ದಾರಿ ಎಲ್ಲರಿಗೂ ಬರಲಿ," ಅಂತ ಒಬ್ಬರು ಬರೆದಿದ್ದರು. ನಿಜವಾಗಿಯೂ ಎಲೆ ಅಂತ ಮತ್ತೆ ಬರೆದೆ. ಆಗ ಲೆಕ್ಚರರೇ ಬರೆದರು: "ನಾವು ಕೈಯಲ್ಲಿ ಹಿಡಿದದ್ದು ಎಲೆ, ನಿಜ. ಆದರೆ ಫೋಟೋದಲ್ಲಿರುವುದು ಹಕ್ಕಿಯೇ. ಅದು ಎದ್ದು ಹೋದ ಮೇಲೆ ಅಲ್ಲಿ ಎಲೆ ಬಂದಿದೆ." ಇದಕ್ಕೂ ಕೈಮುಗಿದರು. ಯಾರು ಯಾವ ಹಕ್ಕಿ ಕಂಡರು ಅನ್ನುವ ಗುಂಪಿನ ಪಟ್ಟಿಯಲ್ಲಿ ಆ ಎಲೆ ಈಗಲೂ ನನ್ನ ಹೆಸರಿನಲ್ಲೇ ಇದೆ. ಅದನ್ನು ತೆಗೆಸಲು ನನ್ನಿಂದ ಆಗಲಿಲ್ಲ.

ಹಕ್ಕಿಯ ವಿಷಯ ಮಾತ್ರ ಬಿಡಲಾಗಲಿಲ್ಲ. ನಾದಿನಿಯ ಫೋನಿನಲ್ಲಿ ಆ ಹೆಂಗಸಿನ ಜೊತೆ ಮಾತಾಡಿ, ದಿನಕ್ಕೊಮ್ಮೆ ನೋಡಿ ಹೇಳ್ತೀರಾ ಅಂತ ಕೇಳಿದೆ. "ನೋಡೋದೇನು, ಮುಖ ತೊಳೆಯೋಕೆ ಹೋದ್ರೆ ಎದ್ರುಗೇ ಇರ್ತದೆ," ಅಂದರು. ದಿನಾ ಸಂಜೆ ಅಂಗಡಿಯಲ್ಲಿ ಕೂತು ಆಕೆ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೂದಿ ಬಣ್ಣದ್ದು ಹಗಲೆಲ್ಲ ಗೂಡಿನ ಮೇಲೆ ಕೂತೈತೆ. ಕೆಂಪಂದು ಪಕ್ಕದ ಕೊಂಬೇಲಿ ನಿದ್ದೆ ಹೊಡೀತೈತೆ. ಒಂದೇ ಮೊಟ್ಟೆ, ಬಿಳೀದು. ಕೆಂಬೂತ ಬಂದಿತ್ತು, ಚೊಂಬು ಎಸೆದೆ. ಮರಿ ಆಯ್ತು, ಹತ್ತಿ ಉಂಡೆ ಥರ ಐತೆ. ಬಚ್ಚಲ ಒಲೆಯ ಹೊಗೆ ತಗಲುತ್ತದೆ ಅಂತ ಸೌದೆಯನ್ನು ಒಣಗಿಸಿಯೇ ಹಾಕುತ್ತಿದ್ದರಂತೆ. ಅದು ನಾನು ಹೇಳಿದ ಕಟ್ಟುಪಾಡಲ್ಲ. ನಾನೂ ಲೆಕ್ಚರರೂ ಸೇರಿ ಬರೆದದ್ದಕ್ಕಿಂತ ಆಕೆಯ ಒಂದು ವಾರದ ಮಾತಿನಲ್ಲಿ ಹೆಚ್ಚು ಹಕ್ಕಿ ಇತ್ತು.

ಮರಿ ದೊಡ್ಡದಾಗುತ್ತಿದೆ, ಇನ್ನು ಹಾರಿಬಿಡಬಹುದು ಅಂದಾಗ ಲೈನಿನ ಹೆಂಗಸರೇ ನನಗೆ ಹೇಳಿಕಳಿಸಿದರು. ನಾಲ್ಕು ಗಂಟೆಗೆ, ಎಲ್ಲರ ಸ್ನಾನ ಮುಗಿದ ಮೇಲೆ, ಆ ಹೆಂಗಸಿನ ಜೊತೆ ಹತ್ತು ನಿಮಿಷ. ಹೋದೆ. ಬೈನಾಕ್ಯುಲರ್ ಬೇಕಾಗಲಿಲ್ಲ, ಅದು ಎರಡು ಮಾರು ದೂರದಲ್ಲಿತ್ತು. ಮುರಿದ ಕೊಂಬೆಯ ಹಾಗೆ ಕತ್ತು ಎತ್ತಿ ಕೂತಿತ್ತು, ಎದೆಯ ಕೆಳಗಿಂದ ಮರಿಯ ತಲೆ ಇಣುಕುತ್ತಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅದು ನನ್ನ ಕಡೆ ತಿರುಗಿ ಬಾಯಿ ಬಿಟ್ಟಿತು. ಷಡ್ಡಕ ಹೇಳಿದ್ದು ಸರಿ, ಇಷ್ಟಗಲ. ನನಗೆ ಖುಷಿಯೂ ಆಯಿತು, ಒಬ್ಬರ ಮನೆಗೆ ಕೇಳದೆ ನುಗ್ಗಿದಷ್ಟು ನಾಚಿಕೆಯೂ ಆಯಿತು. ಹಿಂದೆ ಸರಿದೆ. ಬಾಯಿ ಮುಚ್ಚಿಕೊಂಡು ಅದು ಮತ್ತೆ ಕೊಂಬೆಯಾಯಿತು.

ನನ್ನ ಪಾಲಿನ ಹೊತ್ತು ಇನ್ನೂ ಉಳಿದಿತ್ತು. ಕೊರಳಿಂದ ಬೈನಾಕ್ಯುಲರ್ ತೆಗೆದು ಆಕೆಗೆ ಕೊಟ್ಟೆ, ನೀವೂ ಒಂದು ಸಲ ನೋಡಿ ಅಂತ. ಆಕೆ ಹಕ್ಕಿಯ ಕಡೆ ಹಿಡಿಯಲೇ ಇಲ್ಲ. ಕಣಿವೆಯ ಆಚೆ, ಯಸಳೂರಿನ ರಸ್ತೆಯ ಕಡೆ ಹಿಡಿದು ಬಹಳ ಹೊತ್ತು ನೋಡಿದರು.

"ಸಕಲೇಶಪುರದ ಬಸ್ಸು ತಿರುವಿಗೆ ಬಂದೈತೆ," ಅಂದರು. "ಡ್ರೈವರ್ ಪಕ್ಕದ ಸೀಟು ಖಾಲಿ ಐತೆ. ಓಡಿ, ಸಿಕ್ತದೆ."

ನಾನು ಓಡಿದೆ.