ಆಣೆಯಿಡಲೊಲ್ಲದ ಜಯಮ್ಮನ ದಾವೆ

ಧರ್ಮದ ಮೊದಲ ಪಾಠ ಕಲಿಸಿದ ಗುರುಚರಣಗಳಿಗೂ, ನ್ಯಾಯಪೀಠದಲ್ಲಿ ಕುಳಿತಷ್ಟು ಕಾಲ ನನ್ನ ನಾಲಿಗೆಯನ್ನು ಕಾಯ್ದ ಭಗವಂತನಿಗೂ ಮೊದಲು ವಂದನೆ.

ಅದು ನಾನು ರಾಮನಗರದಲ್ಲಿ ಸಿವಿಲ್ ನ್ಯಾಯಾಧೀಶನಾಗಿದ್ದ ಕೊನೆಯ ವರ್ಷ. ಕೈಲಾಂಚ ಹೋಬಳಿಯ ಒಂದು ಹಳ್ಳಿಯಲ್ಲಿ, ಊರ ಯಜಮಾನ ಪುಟ್ಟೇಗೌಡರ ಮನೆಯ ರೇಷ್ಮೆಹುಳುಗಳೆಲ್ಲ ಗೂಡು ಕಟ್ಟುವ ಮೊದಲೇ ಸತ್ತವು. ಹಿಪ್ಪುನೇರಳೆ ಸೊಪ್ಪಿಗೆ ವಿಷ ತಗಲಿತ್ತು. ಅನುಮಾನ ಪಕ್ಕದ ಹೊಲದ ವಿಧವೆ ಜಯಮ್ಮನ ಮೇಲೆ ಬಿತ್ತು. ಆಕೆ ಊರಮ್ಮನ ಗುಡಿಯಲ್ಲಿ ಒದ್ದೆ ಸೀರೆಯಲ್ಲಿ ನಿಂತು, ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ, ತಾನಲ್ಲವೆಂದು ಆಣೆಯಿಡಬೇಕೆಂದು ಊರು ತೀರ್ಮಾನಿಸಿತು. ಆಕೆ ಒಪ್ಪಲಿಲ್ಲ. ಮರುದಿನದಿಂದ ಡೇರಿಯಲ್ಲಿ ಆಕೆಯ ಹಾಲು ಅಳೆಯುವುದು ನಿಂತಿತು. ಆ ಹಾಲೇ ಆಕೆಯ ಜೀವನ. ಈ ಬಹಿಷ್ಕಾರಕ್ಕೆ ಇಂಜಂಕ್ಷನ್, ಅಂದರೆ ತಡೆಯಾಜ್ಞೆ, ಕೋರಿ ಆಕೆ ದಾವೆ ಹೂಡಿದಳು.

ವಿಚಾರಣೆಯ ದಿನ ಊರೇ ಬಂದು ಹಿಂದೆ ನಿಂತಿತ್ತು. ಗದ್ದಲವಿರಲಿಲ್ಲ, ಎಲ್ಲರ ಕಣ್ಣೂ ಆಕೆಯ ಬೆನ್ನ ಮೇಲಿತ್ತು. ಆಕೆ ಆಣೆಯಿಟ್ಟರೆ ರಾಜಿಗೆ ಸಿದ್ಧವೆಂದು ಗೌಡರ ವಕೀಲರು ಮೆಮೊ ಸಲ್ಲಿಸಿದರು.

“ತಪ್ಪು ಮಾಡಿಲ್ದಿದ್ರೆ ಕರ್ಪೂರ ಆರ್ಸಕ್ಕೇನು ಸ್ವಾಮಿ? ನಾವೇನ್ ಬೆಂಕಿಗೆ ಬೀಳು ಅಂದ್ವಾ?” ಎಂದರು ಗೌಡರು.

“ನಿಜದಾಣೆನೂ ಮನೆ ಸುಡ್ತೈತೆ ಅಂತ ನಮ್ಮತ್ತೆ ಯೋಳವ್ರೆ. ಅಮ್ಮನ್ನ ಇದಕ್ಕೆಲ್ಲ ಎಳೀಬ್ಯಾಡಿ ಗೌಡ್ರೇ,” ಎಂದಳು ಜಯಮ್ಮ.

ಹಿಂದಿನಿಂದ ಒಬ್ಬ, “ಅತ್ತೆ ಮಾತ ಯಾವತ್ ಕೇಳಿದ್ಲಂತೆ?” ಎಂದ.

“ನೀನು ನಿಮ್ಮವ್ವನ ಮಾತು ಕೇಳಿದ್ರೆ ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ ಕಣ್ಲಾ!” ಎಂದು ಜಯಮ್ಮ ತಿರುಗಿ ಅಂದಳು.

ನಾನೂ ದೈವಭೀರು. ಮೆಮೊ ಒಪ್ಪಿದ್ದರೆ ಸಂಜೆಯೊಳಗೆ ಎಲ್ಲ ಮುಗಿಯುತ್ತಿತ್ತು. ಆಕೆಯ ವಕೀಲರಿಗೂ ಅದೇ ಬೇಕಿದ್ದಂತಿತ್ತು. ಆದರೂ ಕೇಳಿದೆ: “ಗೌಡರೇ, ಆಕೆ ವಿಷ ಹಾಕಿದ್ದನ್ನು ಕಂಡೆನೆಂದು ನೀವು ಅದೇ ಕರ್ಪೂರ ಆರಿಸುವಿರಾ?”

ಗೌಡರು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡರು. “ನಾನ್ಯಾಕೆ ಆರಿಸ್ಲಿ ಸ್ವಾಮಿ? ಮನೇಲಿ ಮೊಮ್ಮಕ್ಕಳವ್ರೆ.”

ತಾವು ಅಂಜುವ ದೇವರ ಮುಂದೆ ಅವರು ಇನ್ನೊಬ್ಬಳನ್ನು ನೂಕುತ್ತಿದ್ದರು. ಸಂವಿಧಾನದ ಇಪ್ಪತ್ತೈದನೆಯ ವಿಧಿ ಕೊಡುವ ಅಂತಃಸಾಕ್ಷಿಯ ಸ್ವಾತಂತ್ರ್ಯದಲ್ಲಿ, ಆಣೆಯಿಡೆನೆನ್ನುವ ಭಕ್ತಿಯೂ ಸೇರಿದೆಯೆಂದು ಬರೆದು ಮೆಮೊ ತಳ್ಳಿಹಾಕಿದೆ, ತಡೆಯಾಜ್ಞೆ ಕೊಟ್ಟೆ. ಹೊರಡುವಾಗ ಗೌಡರು ಕೈಮುಗಿದು, “ಆರ್ಡರ್ ನಿಮ್ದು ಸ್ವಾಮಿ, ಊರು ನಮ್ದು,” ಎಂದರು.

ಮುಂದಿನ ವಾಯಿದೆಗೆ ಬಂದ ಜಯಮ್ಮ ಬಹಳ ಇಳಿದುಹೋಗಿದ್ದಳು. ಆದೇಶ ಪಾಲನೆಯಾಗುತ್ತಿದೆಯೇ ಎಂದು ಕೇಳಿದೆ.

“ಹಾಲು ತಕ್ಕತ್ತಾರೆ ಸ್ವಾಮಿ. ಮಾತಾಡ್ಸಕ್ಕಿಲ್ಲ.”

ಅದಕ್ಕೆ ಯಾವ ಕಾನೂನಿನಲ್ಲೂ ಪರಿಹಾರವಿರಲಿಲ್ಲ. ನ್ಯಾಯಾಲಯ ಡೇರಿಯ ಬಾಗಿಲು ತೆರೆಸಬಲ್ಲದು, ನೆರೆಯವರ ಬಾಯನ್ನಲ್ಲ. ವೃತ್ತಿ ನನಗೆ ಕಲಿಸಿದ್ದು ಈ ಮಿತಿಯನ್ನು.

ಜಯಮ್ಮನಿಗೂ, ಗೌಡರ ಮೊಮ್ಮಕ್ಕಳಿಗೂ, ಅಂದು ಅಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ಆ ಊರಮ್ಮ ತಾಯಿ ಒಳ್ಳೆಯದನ್ನೇ ಮಾಡಲಿ.