ನನ್ನ ಮೀನಿನ ಹಾವಸೆ ಮುಟ್ಟಬೇಡಿ

ಕಳೆದ ವಾರ ಮಾರ್ಕೆಟ್‌ನಿಂದ ಮನೆಗೆ ಬಂದಾಗ ನನ್ನ ಸಮುದ್ರ ಅಂಗಳದಲ್ಲಿ ಒಣಗುತ್ತಿತ್ತು.

ಅಂದರೆ, ಸಮುದ್ರದ ಕಲ್ಲುಗಳು. ನನ್ನ ಅಕ್ವೇರಿಯಂನಿಂದ ತೆಗೆದು, ನಲ್ಲಿ ನೀರಲ್ಲಿ ಉಜ್ಜಿ, ಗೋಣಿಚೀಲದ ಮೇಲೆ ಹರವಿದ್ದರು. ಹರವಿದವರು ನಮ್ಮ ಯಜಮಾನರ ಅಕ್ಕ, ಕೊಟ್ಟಿಗೆಹಾರದ ನಮ್ಮ ಅತ್ತಿಗೆ. ಎರಡು ದಿನ ಇದ್ದು ಹೋಗಲು ಬಂದಿದ್ದರು. ಕೈ ಸುಮ್ಮನಿರದ ಜೀವ.

"ಏನ್ ಮಾರಾಯ್ತಿ, ಮನೆ ಒಳಗೇ ಹಾವಸೆ ಸಾಕಿದೀಯಲ್ಲ! ಗಾಜೂ ಕೆರೆದಿದೀನಿ. ಈಗ ನೋಡು, ಹೆಂಗೆ ಫಳಫಳ ಅಂತಿದೆ!"

ನಮ್ಮ ಚಿಕ್ಕಮಗಳೂರು ಕಡೆಯವರಿಗೆ ಹಾವಸೆ ಎಂದರೇನೆಂದು ಹೇಳಬೇಕೇ? (ಬೇರೆಯವರಿಗೆ: ಪಾಚಿ.) ಮಳೆಗಾಲದಲ್ಲಿ ಅಂಗಳ, ಮೆಟ್ಟಿಲು, ಬಚ್ಚಲು, ಎಲ್ಲ ಕಡೆ ಹಸಿರು ಲೋಳೆ. ಕಾಲಿಟ್ಟರೆ ಸೊಂಟ ಮುರಿಯಿತು. ಹಾಗಾಗಿ ಕಂಡಲ್ಲಿ ಕೆರೆ, ಬ್ಲೀಚಿಂಗ್ ಪೌಡರ್ ಎರಚು, ಬಿಸಿಲಿಗೆ ಹಾಕು. ಅತ್ತಿಗೆ ಹುಟ್ಟಿದಾಗಿನಿಂದ ಮಾಡಿದ್ದೇ ಇದು. ಪುಣ್ಯಕ್ಕೆ ನಮ್ಮ ಮನೆಯ ಬ್ಲೀಚಿಂಗ್ ಪೌಡರ್ ಡಬ್ಬ ಅವರ ಕೈಗೆ ಸಿಕ್ಕಿರಲಿಲ್ಲ.

ಆದರೆ ನನ್ನ ಟ್ಯಾಂಕಿನ ಹಾವಸೆ ನಾನೇ ಬೆಳೆಸಿದ್ದು. ಬೇಕೆಂದೇ!

ಟ್ಯಾಂಕಿನಲ್ಲಿರುವುದು ಒಂದೇ ಮೀನು, ಡ್ರಾಗನೆಟ್. ಕಿರುಬೆರಳಿನಷ್ಟು ಉದ್ದ, ನೀಲಿ ಮೈಮೇಲೆ ಕಿತ್ತಳೆ ಗೆರೆ. ಈಜುವುದಕ್ಕಿಂತ ತಳದಲ್ಲಿ ತೆವಳುವುದೇ ಹೆಚ್ಚು. ಅಂಗಡಿಯ ಕಾಳು ಹಾಕಿದರೆ ನನ್ನ ಮೀನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಜೀವಂತ ಕೋಪಿಪಾಡ್‌ಗಳೇ ಬೇಕು. ಕಂಡೂ ಕಾಣದಷ್ಟು ಸಣ್ಣ ಸಮುದ್ರದ ಹುಳುಗಳು ಅವು. ಕಲ್ಲಿನ ಸಂದಿಯಲ್ಲಿ ಇರುತ್ತವೆ, ಹಾವಸೆ ತಿಂದು ಬದುಕುತ್ತವೆ. ಮೀನು ದಿನವಿಡೀ ಅವನ್ನು ಒಂದೊಂದಾಗಿ ಹೆಕ್ಕುತ್ತಿರುತ್ತದೆ. ಹೊಸದಾಗಿ ಕಟ್ಟಿದ ಕ್ಲೀನ್ ಟ್ಯಾಂಕಿಗೆ ಬಿಟ್ಟರೆ ಹೊಟ್ಟೆ ಬೆನ್ನಿಗಂಟಿ ಸಾಯುತ್ತದೆ. ಅದಕ್ಕೇ ಮೀನು ತರುವ ಮೊದಲು ವರ್ಷವಿಡೀ ಬರೀ ಕಲ್ಲು, ಉಪ್ಪುನೀರು, ಹಾವಸೆ ಸಾಕಿದ್ದೆ. (ಬಂದವರೆಲ್ಲ ನಕ್ಕರು. ನಗಲಿ.)

"ಅತ್ತಿಗೆ, ಅದ್ರಲ್ಲಿ ಕೋಪಿಪಾಡ್ ಇತ್ತು!" ಎಂದೆ.

"ಕಾಫಿ ಪಾಡಾ? ಕಾಫಿ ಪಾಡು ಕೇಳ್ಬೇಡ ಮಾರಾಯ್ತಿ. ಈ ಸಲ ತೋಟಕ್ಕೆ ಹೂಮಳೆನೇ ಸರಿಯಾಗಿ ಬಂದಿಲ್ಲ."

ಅಂಥ ಹೊತ್ತಲ್ಲೂ ನಗು ಬಂತು. ಆಮೇಲೆ ಕಣ್ಣೀರೂ ಬಂತು.

ಒಣಗಿದ ಕಲ್ಲು ವಾಪಸ್ ಹಾಕುವಂತಿಲ್ಲ. ಸತ್ತ ಹುಳು ಕೊಳೆತು ನೀರೇ ಕೆಡುತ್ತದೆ. ಮೀನು ಬೋಳು ಗಾಜಿನ ಉದ್ದಕ್ಕೂ ಹುಡುಕುತ್ತಾ ಹೋಗುತ್ತಿತ್ತು, ಏನೂ ಸಿಗದೆ ತಿರುಗಿ ಬರುತ್ತಿತ್ತು. ಸಂಜೆಯ ಹೊತ್ತಿಗೆ ಹೊಟ್ಟೆ ಒಳಗೆ ಹೋದಂತೆ ಕಂಡಿತು. "ಸತ್ತರೆ ಇನ್ನೊಂದು ತಂದರಾಯ್ತು ಬಿಡು" ಎಂದರು ನಮ್ಮ ಯಜಮಾನರು. ಇನ್ನೊಂದು ತರಲು ಅದೇನು ಬಲ್ಬೇ?

ಪಕ್ಕದ ಮನೆಯವರದು ಬೇರೆ ರಾಗ: "ಘಟ್ಟದ ಮೇಲೆ ಸಮುದ್ರದ ಮೀನು ಯಾಕೆ ಬೇಕಿತ್ತು?" ಅವರ ಮನೆಯಲ್ಲಿ ಆಂಥೂರಿಯಂ ಹೂಗಿಡಗಳಿಗೆ ನೆರಳುಬಲೆ ಇದೆ, ಹೊತ್ತುಹೊತ್ತಿಗೆ ಸ್ಪ್ರೇ ಇದೆ, ಎಲೆ ಬಾಡಿದರೆ ಮನೆಯಲ್ಲಿ ಸೂತಕದ ಕಳೆ. ಅದು ಹವ್ಯಾಸ. ನನ್ನದು ಹುಚ್ಚು! ಹೌದು, ಹುಚ್ಚೇ. ಯಾರ ಅನುಮತಿ ಬೇಕು?

ಅಡುಗೆಮನೆ ಕಿಟಕಿಯಲ್ಲಿ ಹಸಿರು ನೀರಿನ ಬಾಟಲಿಗಳಿದ್ದವು. ಅವುಗಳಲ್ಲೂ ನಾನು ಕೋಪಿಪಾಡ್ ಸಾಕುತ್ತೇನೆ. (ಅವನ್ನು ತೊಳೆಯುವ ಕೆಲಸವನ್ನು ಅತ್ತಿಗೆ ಮರುದಿನಕ್ಕೆ ಇಟ್ಟುಕೊಂಡಿದ್ದರಂತೆ.) ಎಲ್ಲವನ್ನೂ ಟ್ಯಾಂಕಿಗೆ ಸುರಿದೆ. ನೀರು ಕಲಕಿ ಕೆಸರುಗದ್ದೆಯಂತಾಯಿತು.

ಅತ್ತಿಗೆ ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತರು. ಮುಖ ಸಪ್ಪಗಿತ್ತು. ಸ್ವಲ್ಪ ಹೊತ್ತಿಗೆ ಕೂಗಿದರು: "ಬಾರೇ ಇಲ್ಲಿ! ಹೆಕ್ತಾ ಇದೆ ಕಣೇ, ತಿಂತಾ ಇದೆ!"

ಇಬ್ಬರೂ ಗಾಜಿಗೆ ಮೂಗು ತಾಗಿಸಿ ನೋಡಿದೆವು. ಹೌದು, ತಿನ್ನುತ್ತಿತ್ತು. ಪೂರ್ತಿ ಚೇತರಿಸಿಕೊಂಡಿದೆ ಎಂದು ಇವತ್ತಿಗೂ ಹೇಳಲಾರೆ. ಹೊಟ್ಟೆ ಇನ್ನೂ ತುಂಬಬೇಕು. ಹಿಂದಿನ ಗಾಜಿನ ಮೇಲೆ ಮಾತ್ರ ಮತ್ತೆ ಹಸಿರು ಕಾಣುತ್ತಿದೆ. ನನಗೆ ಅದನ್ನು ನೋಡುವುದೇ ಸಂಭ್ರಮ.

ಬಸ್ಸಿಗೆ ಹೊರಟಾಗ ಅತ್ತಿಗೆ ತಡೆಯಲಾರದೆ ಕೇಳಿದರು: "ಮುಂದಿನ ಗಾಜನ್ನಾದ್ರೂ ಒಂಚೂರು ಉಜ್ಜಲಾ? ಬಂದವ್ರು ಏನಂದ್ಕೋತಾರೆ?"

"ಬೇಡ ಅತ್ತಿಗೆ" ಎಂದೆ.

ಬಂದವರ ಕಣ್ಣಿಗೆ ಚೆಂದ ಕಾಣಲೆಂದು ನನ್ನ ಮೀನು ಉಪವಾಸ ಸಾಯಬೇಕೇ?